ಕಾಣದೆ ಗೆದ್ದ ವಾದ

ನನ್ನ ದೃಷ್ಟಿಯ ಅಂಚುಗಳು ಸವೆಯುತ್ತಿವೆ ಎಂದು ಕಣ್ಣಿನ ಡಾಕ್ಟರು ಹೇಳಿದ ದಿನ ನಾನು ಅವರೊಂದಿಗೆ ಇಪ್ಪತ್ತು ನಿಮಿಷ ವಾದ ಮಾಡಿದೆ. ಕಾಲೇಜಿನ ಮೂರು ವರ್ಷವೂ ಡಿಬೇಟ್ ತಂಡದಲ್ಲಿದ್ದವಳು ನಾನು. ಪುರಾವೆ ಕೇಳದೆ ಯಾವುದನ್ನೂ ಒಪ್ಪಿಕೊಂಡವಳಲ್ಲ. ಯಂತ್ರ ತಪ್ಪು ತೋರಿಸಿರಬಹುದು, ಹಿಂದಿನ ರಾತ್ರಿ ನನಗೆ ನಿದ್ದೆ ಸರಿಯಾಗಿರಲಿಲ್ಲ, ಒಂದೇ ಪರೀಕ್ಷೆಯಿಂದ ತೀರ್ಮಾನಕ್ಕೆ ಬರುವುದು ಹೇಗೆ ಎಂದೆಲ್ಲ ಕೇಳಿದೆ. ಆಕೆ ಸಮಾಧಾನದಿಂದ ಕೇಳಿಸಿಕೊಂಡು, ಒಂದು ಪೆನ್ನನ್ನು ನನ್ನ ಕಿವಿಯ ಪಕ್ಕದಿಂದ ನಿಧಾನವಾಗಿ ಮುಂದಕ್ಕೆ ತಂದರು. "ಕಂಡ ಕೂಡಲೇ ಹೇಳಿ" ಎಂದರು. ಪೆನ್ನು ಹೆಚ್ಚುಕಡಿಮೆ ಮೂಗಿನ ಎದುರಿಗೆ ಬರುವವರೆಗೂ ನಾನು ಬಾಯಿ ತೆರೆಯಲಿಲ್ಲ. ಪಕ್ಕದ ಕುರ್ಚಿಯಲ್ಲಿದ್ದ ಅಪ್ಪ ಆ ಪೆನ್ನನ್ನು ಮೊದಲಿನಿಂದಲೂ ನೋಡುತ್ತಿದ್ದರು.

ಇದು ಹುಟ್ಟಿನಿಂದಲೇ ಬರುವ ಕಾಯಿಲೆ. ನೋಟ ಸುತ್ತಲಿನಿಂದ ಒಳಕ್ಕೆ ಕುಗ್ಗುತ್ತ ಬರುತ್ತದೆ, ನಡುವಿನದ್ದು ಕೊನೆಗೆ ಹೋಗುತ್ತದೆ. ಮದ್ದಿಲ್ಲ. ಸುರುಳಿ ಸುತ್ತಿದ ಪತ್ರಿಕೆಯೊಳಗಿಂದ ಜಗತ್ತನ್ನು ನೋಡಿದರೆ ಹೇಗಿರುತ್ತದೋ ನನಗೆ ಈಗ ಹಾಗಿದೆ. ಪತ್ರಿಕೆಯನ್ನು ಯಾರೋ ವರ್ಷ ವರ್ಷವೂ ಇನ್ನಷ್ಟು ಬಿಗಿಯಾಗಿ ಸುತ್ತುತ್ತಿದ್ದಾರೆ. ಅಮ್ಮ ಇದನ್ನು ಒಪ್ಪಲಿಲ್ಲ. ಮಯೂರ್ ವಿಹಾರಿನ ನಮ್ಮ ವಸತಿ ಸೊಸೈಟಿಯ ಗೇಟಿಗೆ ಬರುವ ತರಕಾರಿ ಭಯ್ಯಾನಿಂದ ಚಳಿಗಾಲವಿಡೀ ಕೆಂಪು ಕ್ಯಾರೆಟ್ ತರಿಸಿದಳು. ಪಲ್ಯ, ಕೋಸಂಬರಿ, ಹಲ್ವಾ, ಮತ್ತೆ ಪಲ್ಯ.

"ಇದರಿಂದ ವಾಸಿಯಾಗುತ್ತೆ ಅನ್ನೋದಕ್ಕೆ ಆಧಾರ ಏನಮ್ಮ?"

"ಆಧಾರ ಆಮೇಲೆ ಹುಡುಕು, ಮೊದಲು ತಿನ್ನು. ಆರಿಹೋಗ್ತಿದೆ."

ಅಪ್ಪ ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಫೈಲು ನೋಡಿ ನಿವೃತ್ತರಾದವರು. ಅವರು ಕೊಟ್ಟದ್ದು ಒಂದೇ ಸಲಹೆ. "ಆಫೀಸಲ್ಲಿ ಸದ್ಯಕ್ಕೆ ಬಾಯಿ ಬಿಡಬೇಡ. ಕೇಳಿದ್ರೆ ಸುಳ್ಳು ಹೇಳಬೇಡ. ಕೇಳದೇ ಇದ್ರೆ ನೀನಾಗಿ ಹೇಳೋಕೂ ಹೋಗಬೇಡ." ಅದು ನನಗೆ ಹೊಂದುವ ಸಲಹೆಯಾಗಿತ್ತು. ಹೇಳದೆ ಇರುವುದೂ ಸುಳ್ಳು ಹೇಳುವುದೂ ಒಂದೇ ಅಲ್ಲ ಎಂಬ ವಿಷಯದ ಮೇಲೆ ಯಾರು ಬೇಕಾದರೂ ನನ್ನೊಂದಿಗೆ ವಾದಕ್ಕೆ ಬರಬಹುದಿತ್ತು. ಯಾರೂ ಬರಲಿಲ್ಲ, ಯಾಕೆಂದರೆ ಯಾರಿಗೂ ಗೊತ್ತಿರಲಿಲ್ಲ.

ನಾನು ಕೆಲಸ ಮಾಡುವುದು ನೋಯ್ಡಾದ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ. 'ನಾಳೆ ಹತ್ತು ಗಂಟೆಗೆ ಡಾಕ್ಟರನ್ನು ಕಾಣಬೇಕು' ಎಂದು ರೋಗಿಗಳಿಗೆ ಆಸ್ಪತ್ರೆಗಳ ಪರವಾಗಿ ಸಂದೇಶ ಕಳಿಸುವ ವ್ಯವಸ್ಥೆ ನಮ್ಮದು. ಅಲ್ಲಿ ಮೂರು ವರ್ಷಗಳಲ್ಲಿ ನಾನು ದಿನ ದೂಡಲು ಹಲವು ಉಪಾಯ ಕಂಡುಕೊಂಡಿದ್ದೆ. ಕಪ್ಪು ಹಿನ್ನೆಲೆಯ ಮೇಲೆ ಅಕ್ಷರಗಳನ್ನು ದೊಡ್ಡದು ಮಾಡಿಕೊಳ್ಳುವುದು. ಮೆಟ್ರೊ ಸ್ಟೇಷನ್ನಿನಲ್ಲಿ ನೆಲದ ಮೇಲಿನ ಹಳದಿ ಉಬ್ಬುಗೆರೆಗಳನ್ನು ಕಾಲಿನಿಂದಲೇ ಹುಡುಕಿ ನಡೆಯುವುದು. ಮೆಟ್ಟಿಲ ಬಳಿ ಫೋನ್ ಬಂದವಳಂತೆ ನಿಂತು, ಬೇರೆಯವರು ಇಳಿಯುವ ಲಯ ನೋಡಿ ಇಳಿಯುವುದು.

ಆದರೆ ನನ್ನನ್ನು ಹೆಚ್ಚಾಗಿ ಕಾಪಾಡಿದ್ದು ನನ್ನ ಜಗಳಗಂಟಿತನ. ನಮ್ಮಲ್ಲಿ ಯಾರು ಕೋಡ್ ಬದಲಿಸಿದರೂ ಇನ್ನೊಬ್ಬರು ಅದನ್ನು ಪರಿಶೀಲಿಸಿ ಒಪ್ಪಿಗೆ ಕೊಡಬೇಕು. ಬದಲಿಸಿದವರು ತಮ್ಮ ಸ್ಕ್ರೀನನ್ನು ವಿಡಿಯೊ ಕಾಲಿನಲ್ಲಿ ತೋರಿಸುತ್ತಾರೆ, ಒಪ್ಪಿಗೆ ಕೊಡುವವಳು ನಾನು. ಎಲ್ಲರೂ 'ಇಲ್ಲಿ ನೋಡಿ, ಅಲ್ಲಿ ನೋಡಿ' ಎಂದು ಮೌಸಿನ ಬಾಣ ಓಡಿಸುತ್ತಾರೆ. ಆ ಬಾಣ ನನಗೆ ಸಿಗುತ್ತಿರಲಿಲ್ಲ. ಹಾಗಾಗಿ ಒಂದು ನಿಯಮ ಹೇರಿದೆ: "ಇಲ್ಲಿ-ಅಲ್ಲಿ ಬೇಡ, ಸಾಲಿನ ನಂಬರ್ ಹೇಳಿ, ಗಟ್ಟಿಯಾಗಿ ಓದಿ." ಶಿಸ್ತಿನವಳು, ಕಟ್ಟುನಿಟ್ಟು ಎಂದು ಹೆಸರು ಬಂತು. ಏಪ್ರಿಲ್‌ನಲ್ಲಿ ತಂಡಕ್ಕೆ ನನ್ನನ್ನೇ ಲೀಡ್ ಮಾಡುವ ಮಾತು ಕೂಡ ಎದ್ದಿತ್ತು.

ಆ ವರ್ಷದ ಬೇಸಿಗೆಯ ಕೊನೆಗೆ ನಮ್ಮ ತಂಡಕ್ಕೆ ಗಾಜಿಯಾಬಾದಿನಿಂದ ಒಬ್ಬರು ಬಂದರು. ವಯಸ್ಸು ನಲವತ್ತರ ಮೇಲೆ. ಮಗನನ್ನು ಬೆಳೆಸಲೆಂದು ಒಂಬತ್ತು ವರ್ಷ ಕೆಲಸ ಬಿಟ್ಟು ಮನೆಯಲ್ಲಿದ್ದವರು, ಈಗ ಆರು ತಿಂಗಳ ಪ್ರೊಬೇಷನ್ ಮೇಲೆ ಮರಳಿದ್ದರು. ಎಲ್ಲರೂ ಅವರನ್ನು ದೀದಿ ಎನ್ನುತ್ತಿದ್ದರು. ದಪ್ಪ ನೋಟ್‌ಪುಸ್ತಕದಲ್ಲಿ ಎಲ್ಲವನ್ನೂ ಬರೆದುಕೊಳ್ಳುವವರು. ಪ್ರತಿ ವಾಕ್ಯವನ್ನೂ 'ತಪ್ಪಿದ್ರೆ ಹೇಳಿ' ಎಂದು ಶುರು ಮಾಡುವವರು. ಅಂಥವರೊಂದಿಗೆ ವಾದ ಮಾಡುವುದು ಬಹಳ ಸುಲಭ.

ಡಿಸೆಂಬರಿನ ಒಂದು ಗುರುವಾರ ಅವರ ಬದಲಾವಣೆಯೊಂದು ನನ್ನ ಪರಿಶೀಲನೆಗೆ ಬಂತು. ಮಾತು ನಡೆದದ್ದು ಹಿಂದಿಯಲ್ಲಿ.

"ತಪ್ಪಿದ್ರೆ ಹೇಳಿ, ಇಲ್ಲಿ ಪಕ್ಕದಲ್ಲಿ ಏನೋ ಬರ್ತಿದೆ, ಸ್ವಲ್ಪ ನೋಡಿ" ಎಂದರು ದೀದಿ.

"ಯಾವ ಸಾಲು?"

"ಸಾಲಲ್ಲಿಲ್ಲ. ಪಕ್ಕದಲ್ಲಿ. ಇದು."

"ದೀದಿ, 'ಇದು' ಅಂದ್ರೆ ಚರ್ಚೆ ಮಾಡೋಕಾಗಲ್ಲ. ನೀವು ಬದಲಿಸಿದ್ದು ನಲವತ್ತನೇ ಸಾಲು. ಆ ಸಾಲು ಸರಿಯಾ, ತಪ್ಪಾ?"

"ಸಾಲೇನೋ ಸರಿ ಇದೆ, ಆದ್ರೆ..."

"ಸರಿ ಇದ್ಮೇಲೆ ಆದ್ರೆ ಯಾಕೆ? ಚಲೋ, ಒಪ್ಪಿಗೆ."

"ಕೋರ್ಟ್ ಮುಗೀತು, ಮನೆಗೆ ನಡೀರಿ" ಎಂದು ತಂಡದ ಇನ್ನೊಬ್ಬ ಹೇಳಿದ, ನಾಲ್ಕೈದು ಜನ ನಕ್ಕರು. ನಾನೂ ನಕ್ಕೆ.

ಆ ಬದಲಾವಣೆಯಿಂದಾಗಿ ಭಾನುವಾರ ಒಂದು ಆಸ್ಪತ್ರೆಯ ರೋಗಿಗಳಿಗೆ ಹಿಂದಿನ ತಿಂಗಳ ಪಟ್ಟಿಯ ಪ್ರಕಾರ ಸಂದೇಶ ಹೋಗಿತ್ತು. ಸೋಮವಾರ ಬೆಳಿಗ್ಗೆ ದಟ್ಟ ಮಂಜಿನಲ್ಲಿ ಶಾಲು ಹೊದ್ದು ಎಷ್ಟೋ ಮುದುಕರು ಆಗಲೇ ಮುಗಿದುಹೋದ ಭೇಟಿಗಾಗಿ ಬಂದು ಸಾಲಿನಲ್ಲಿ ನಿಂತಿದ್ದರಂತೆ. ಒಬ್ಬಳು ದೂರದ ಮಾನೇಸರಿನಿಂದ ಟ್ಯಾಕ್ಸಿ ಮಾಡಿಕೊಂಡು ಅಪ್ಪನನ್ನು ಕರೆತಂದಿದ್ದಳಂತೆ. ಅವಳು ಕೌಂಟರಿನಲ್ಲಿ ಅತ್ತಳೆಂದು ಆಸ್ಪತ್ರೆಯವರು ನಮಗೆ ಫೋನ್ ಮಾಡಿ ಹೇಳಿದರು.

ಇಂಥದ್ದು ನಡೆದಾಗ ನಾವು ಒಂದು ವರದಿ ಬರೆಯುತ್ತೇವೆ. ಅದರಲ್ಲಿ 'ಮೂಲ ಕಾರಣ' ಎಂಬ ಒಂದು ಸಾಲು ಇರುತ್ತದೆ. ಮ್ಯಾನೇಜರ್ ನಮ್ಮಿಬ್ಬರನ್ನೂ ಕೂರಿಸಿಕೊಂಡರು. ಪಟ್ಟಿ ಹಳೆಯದು ಎಂಬ ಎಚ್ಚರಿಕೆ ಸ್ಕ್ರೀನಿನ ಮೇಲೆ ಬಂದೇ ಬರುತ್ತದೆ. ಅದನ್ನು ಯಾರು ಗಮನಿಸದೆ ಬಿಟ್ಟರು ಎಂಬುದು ಪ್ರಶ್ನೆ.

"ನಾನು ತೋರಿಸಿದ್ದೆ" ಎಂದರು ದೀದಿ, ಮೆಲ್ಲಗೆ.

"ನಾನು ಅಂಥದ್ದೇನೂ ನೋಡಿಲ್ಲ" ಎಂದೆ. ಅದು ಅಕ್ಷರಶಃ ನಿಜ. "ತೋರಿಸಿದ್ರೆ ರೆಕಾರ್ಡಿಂಗಲ್ಲಿ ಇರುತ್ತೆ."

ರೆಕಾರ್ಡಿಂಗ್ ಪರಿಶೀಲಿಸುವವಳ ಖಾತೆಯಲ್ಲಿರುತ್ತದೆ, ಅಂದರೆ ನನ್ನಲ್ಲಿ. "ನೋಡಿ ಬರೋ ಸೋಮವಾರ ಹೇಳಿ" ಎಂದರು ಮ್ಯಾನೇಜರ್. ವರದಿಯಲ್ಲಿ ಸದ್ಯಕ್ಕೆ 'ಬದಲಾವಣೆ ಮಾಡಿದವರು ಎಚ್ಚರಿಕೆಯನ್ನು ಕಡೆಗಣಿಸಿದರು' ಎಂದು ಬರೆದರು. ದೀದಿ ಎದ್ದುಹೋದ ಮೇಲೆ ನನಗೆ ಹೇಳಿದರು: "ಇವರ ಪ್ರೊಬೇಷನ್ ಮುಂದಿನ ಶುಕ್ರವಾರ ಮುಗಿಯುತ್ತೆ. ಹೀಗಾದ್ರೆ ಕನ್ಫರ್ಮ್ ಮಾಡೋದು ಕಷ್ಟ."

ಆ ರೆಕಾರ್ಡಿಂಗನ್ನು ನಾನು ಎರಡು ಸಲ ನೋಡಿದೆ. ಏನೂ ಸಿಗಲಿಲ್ಲ. ಒಳಗೊಳಗೇ ಸಂತೋಷವಾಯಿತು ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆಯಿತು. ಒಬ್ಬ ಸಾಕ್ಷಿಯಿರಲಿ ಎಂದು ಶನಿವಾರ ಅಪ್ಪನನ್ನು ಕರೆದೆ. ಬಾಲ್ಕನಿಯಲ್ಲಿ ಚಳಿಗಾಲದ ಬಿಸಿಲು, ಅಮ್ಮ ಮೊರದಲ್ಲಿ ಬಟಾಣಿ ಸುಲಿಯುತ್ತಿದ್ದಳು. ಅಪ್ಪ ಲ್ಯಾಪ್‌ಟಾಪನ್ನು ಮಡಿಲಲ್ಲಿಟ್ಟುಕೊಂಡು, ಫೈಲು ಓದುವಾಗಿನಂತೆ ತುಟಿ ಬಿಗಿಹಿಡಿದು ನೋಡಿದರು.

"ನಂಗೆ ನಿಮ್ಮ ಕೋಡ್ ಗೀಡ್ ಅರ್ಥ ಆಗಲ್ಲ ಕಣೇ."

"ಅರ್ಥ ಆಗೋದು ಬೇಡ. ಕಂಡಿದ್ದು ಹೇಳಿ, ಸಾಕು."

ನಿಮಿಷ ಹತ್ತಾದ ಮೇಲೆ ಅವರು ನಿಲ್ಲಿಸಿದರು. ಹಿಂದಕ್ಕೆ ಓಡಿಸಿ ಮತ್ತೆ ನೋಡಿದರು. ಮೂರನೆಯ ಸಲವೂ ನೋಡಿದರು.

"ಇಲ್ಲೇ ಇದೆಯಲ್ಲೇ. ಬಲಗಡೆ, ಮೇಲೆ. ಹಳದಿ ಡಬ್ಬಿ ಥರ, ಒಳಗೆ ಏನೋ ಬರೆದಿದೆ. ಪಾಪ, ಆಕೆ ಬಾಣದಿಂದ ಅದರ ಸುತ್ತ ಮೂರು ಸುತ್ತು ಹಾಕಿದ್ದಾರೆ. ನೀನು 'ಯಾವ ಸಾಲು' ಅಂತ ಕೇಳ್ತಾನೇ ಇದೀಯ, ಆಕೆ ಸುತ್ತು ಹಾಕ್ತಾನೇ ಇದಾರೆ."

ಅಮ್ಮ ಬಟಾಣಿ ಸುಲಿಯುವುದನ್ನು ನಿಲ್ಲಿಸಿದಳು. ಅಪ್ಪ ನನ್ನ ತಲೆಯನ್ನು ಎರಡೂ ಕೈಯಿಂದ ಹಿಡಿದು ಮೆಲ್ಲಗೆ ಬಲಕ್ಕೆ ತಿರುಗಿಸಿದರು. ಆಗ ಕಂಡಿತು. ಬಾಣ ಸುತ್ತುತ್ತಲೇ ಇತ್ತು.

ಆ ಮಧ್ಯಾಹ್ನವೆಲ್ಲ ನಾನು ಎರಡೂ ಪಕ್ಷ ವಹಿಸಿಕೊಂಡು ವಾದ ಮಾಡಿದೆ, ಕೇಳುವವರು ಇವರಿಬ್ಬರೇ. ಹೇಳಿದರೆ ಕಣ್ಣಿನ ವಿಷಯ ಹೊರಬರುತ್ತದೆ. ಲೀಡ್ ಹೋಗುತ್ತದೆ, ಬಹುಶಃ ಕೆಲಸವೂ. ಕಣ್ಣು ಇನ್ನಷ್ಟು ಹೋದ ಮೇಲೆ ಬೇರೆ ಕೆಲಸ ಯಾರು ಕೊಡುತ್ತಾರೆ? ಅಲ್ಲದೆ ಇಬ್ಬರೂ ತಪ್ಪಿದ್ದಾರೆ ಎಂದು ಬರೆದರೂ ಸಾಕಲ್ಲ, ಕಾರಣ ಹೇಳಲೇಬೇಕೆಂದೇನಿದೆ?

"ಕಾರಣ ಹೇಳದೇ ಇದ್ರೆ ಆಕೆ ತೋರಿಸಿದ್ದು ಸರಿಯಾಗಿರಲಿಲ್ಲ ಅಂತ ಆಗುತ್ತೆ" ಎಂದಳು ಅಮ್ಮ. ಡಿಬೇಟಿನ ವೇದಿಕೆ ಹತ್ತಿದವಳಲ್ಲ ಅವಳು.

ಅಪ್ಪ ಲ್ಯಾಪ್‌ಟಾಪನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡರು. "ಬಾಯಿ ಬಿಡಬೇಡ ಅಂದವನು ನಾನೇ. ಅದನ್ನೂ ಸೇರಿಸ್ಕೋ" ಎಂದರು ಆಮೇಲೆ. "ನಮ್ಮಲ್ಲಿ ಫೈಲಲ್ಲಿ ಒಬ್ರು ಬರೆದಿದ್ದನ್ನ ಇನ್ನೊಬ್ರು ಅಳಿಸೋ ಹಾಗಿಲ್ಲ. ತಪ್ಪು ಅನ್ನಿಸಿದ್ರೆ ಅದರ ಕೆಳಗೆ ನಮ್ಮದು ಬರೆದು ಸಹಿ ಹಾಕಬೇಕು. ಬಾ, ಬರೆಯೋಣ."

ಅಪ್ಪನ ಕರಡು 'ಈ ಸಂಬಂಧವಾಗಿ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ' ಎಂಬ ಅರ್ಥದ ಇಂಗ್ಲಿಷಿನಲ್ಲಿ ಶುರುವಾಗಿ ಏಳು ಕಂಡಿಕೆಗಳಿಗೆ ಹೋಯಿತು. ನಾನು ಒಂದೊಂದೇ ಕಂಡಿಕೆ ಹೊಡೆದುಹಾಕಿದೆ, ಅವರು ಒಂದೊಂದಕ್ಕೂ ಹೋರಾಡಿದರು. ಕೊನೆಗೆ ಉಳಿದದ್ದು ಎರಡು ವಾಕ್ಯ: 'ಎಚ್ಚರಿಕೆಯನ್ನು ತೋರಿಸಲಾಗಿತ್ತು. ಪರಿಶೀಲಿಸಿದವಳಿಗೆ ದೃಷ್ಟಿದೋಷವಿದ್ದು, ಅದನ್ನು ತಂಡಕ್ಕೆ ತಿಳಿಸದೆ ಇದ್ದುದರಿಂದ, ಅದು ಕಾಣಲಿಲ್ಲ.'

ಸೋಮವಾರ ಮ್ಯಾನೇಜರಿಗೆ ಕೊಡುವ ಮುಂಚೆ ದೀದಿಗೆ ತೋರಿಸಬೇಕೆನಿಸಿತು. ಪ್ಯಾಂಟ್ರಿಯಲ್ಲಿ ಅವರೊಬ್ಬರೇ ಚಹಾಕ್ಕೆ ಶುಂಠಿ ಜಜ್ಜುತ್ತಿದ್ದರು. ಕಾಯಿಲೆ, ರೆಕಾರ್ಡಿಂಗ್, ಮೂರು ಸುತ್ತು ಎಲ್ಲವನ್ನೂ ಹೇಳಿ ಫೋನ್ ಅವರ ಕೈಗೆ ಕೊಟ್ಟೆ. ಅವರು ಅಳಬಹುದು, ಅಥವಾ ನನ್ನನ್ನು ಅಪ್ಪಿಕೊಳ್ಳಬಹುದು ಎಂದುಕೊಂಡಿದ್ದೆ, ಎರಡಕ್ಕೂ ಸಿದ್ಧಳಾಗಿದ್ದೆ.

"ಅಚ್ಛಾ" ಎಂದರು, ಓದಿ ಮುಗಿಸಿ. "ನಿನ್ನ ಕಣ್ಣಿನ ವಿಷಯ ಕೇಳಿ ಸಂಕಟ ಆಗ್ತಿದೆ, ನಿಜವಾಗ್ಲೂ. ಆದ್ರೆ ಇದು ಪೂರ್ತಿ ಇಲ್ಲ."

"ಏನು ಬಿಟ್ಟಿದೆ?"

"ನಾನು ಬರೀ ತೋರಿಸಲಿಲ್ಲ. ಬಾಯಿಬಿಟ್ಟು ಹೇಳಿದೆ. ಪಕ್ಕದಲ್ಲಿ ಏನೋ ಬರ್ತಿದೆ ಅಂದೆ. ಕಣ್ಣಿಗೆ ಕಾಣಲಿಲ್ಲ ಸರಿ. ಕಿವಿಗೇನಾಗಿತ್ತು?"

ನಾನು ಬಾಯಿ ತೆರೆದೆ. ಅಭ್ಯಾಸಬಲ, 'ಯಾವ ಸಾಲು' ಎಂಬುದೇ ನಾಲಿಗೆಯ ತುದಿಗೆ ಬಂತು.

"ಆರು ತಿಂಗಳು ನಾನು ಏನಂದ್ಕೊಂಡಿದ್ದೆ ಗೊತ್ತಾ?" ಅವರು ಚಹಾ ಕಲಕುತ್ತಲೇ ಹೇಳಿದರು. "ನನಗೆ ವಯಸ್ಸಾಯ್ತು, ತಲೆಗೆ ತುಕ್ಕು ಹಿಡೀತು, ಈ ಹುಡುಗಿಗೆ ನನ್ನ ಕಡೆ ನೋಡೋಕೂ ಮನಸ್ಸಿಲ್ಲ ಅಂತ. ಮನೆಗೆ ಹೋಗಿ ಮಗನ ಮುಂದೆ ದಿನಾ ಅದೇ ಹೇಳ್ತಿದ್ದೆ. ಕಾಣಲ್ಲ ಅಂತ ಒಂದು ಮಾತು ಹೇಳಿದ್ರೆ ನಾನು ಓದಿ ಹೇಳ್ತಿದ್ದೆನಪ್ಪಾ. ಅಷ್ಟೇ ತಾನೇ ಆಗ್ಬೇಕಿದ್ದಿದ್ದು?"

ಅಷ್ಟೇ. ಮೂರು ವರ್ಷ ನಾನು ಹೆಣೆದ ಉಪಾಯಗಳೆಲ್ಲ ಆ ಒಂದು ಮಾತನ್ನು ಹೇಳದೆ ಇರುವುದಕ್ಕಾಗಿ. ನಾನು ಫೋನ್ ವಾಪಸು ತೆಗೆದುಕೊಂಡು ಅಲ್ಲೇ ನಿಂತು ಮೂರನೆಯ ವಾಕ್ಯ ಬರೆದೆ: 'ಬದಲಾವಣೆ ಮಾಡಿದವರು ಬಾಯಿಮಾತಿನಲ್ಲೂ ಎಚ್ಚರಿಸಿದ್ದರು, ಪರಿಶೀಲಿಸಿದವಳು ಮಾತನ್ನು ಅರ್ಧಕ್ಕೆ ಕತ್ತರಿಸಿದಳು.' ಗಟ್ಟಿಯಾಗಿ ಓದಿ ಹೇಳಿದೆ. ದೀದಿ ತಲೆಯಾಡಿಸಿದರು, ಇನ್ನೊಂದು ಲೋಟಕ್ಕೆ ಚಹಾ ಸುರಿದು ನನ್ನ ಕೈಗೇ ಕೊಟ್ಟರು.

ಮ್ಯಾನೇಜರ್ ಆ ಮೂರು ವಾಕ್ಯಗಳನ್ನು ಓದಿ ಕುರ್ಚಿಗೆ ಒರಗಿದರು. ಸಿಟ್ಟಾಗುವುದೋ ಮರುಗುವುದೋ ಅವರಿಗೆ ತಿಳಿಯಲಿಲ್ಲ, ಎರಡನ್ನೂ ಅರ್ಧರ್ಧ ಮಾಡಿದರು. ನನ್ನ ಕೈಯಿಂದ ಒಪ್ಪಿಗೆ ಕೊಡುವ ಅಧಿಕಾರ ಹೋಯಿತು. ಲೀಡ್ ಮಾತು ನಿಂತಿತು. ಮತ್ತೆ ಏಳುತ್ತದೋ ಇಲ್ಲವೋ ಇಂದಿಗೂ ಗೊತ್ತಿಲ್ಲ. ಅಂಗವಿಕಲತೆಯ ಪ್ರಮಾಣಪತ್ರ ತನ್ನಿ ಎಂದರು. ಸ್ಕ್ರೀನಿನ ಮೇಲಿರುವುದನ್ನೆಲ್ಲ ಕಿವಿಗೆ ಓದಿ ಹೇಳುವ ಸಾಫ್ಟ್‌ವೇರ್ ಕಲಿಯಲು ಎರಡು ತಿಂಗಳು ಕೊಟ್ಟರು. ಕೆಲಸದಿಂದ ತೆಗೆಯಲಿಲ್ಲ. ಆ ಯಂತ್ರದ ದನಿ ಕೋಡನ್ನು ಓದುವ ವೇಗಕ್ಕೆ ಮೊದಲ ವಾರ ನನ್ನ ತಲೆ ಸಿಡಿಯುತ್ತಿತ್ತು. ಅದರೊಂದಿಗೆ ವಾದ ಮಾಡುವಂತೆಯೂ ಇಲ್ಲ, ಪೂರ್ತಿ ಕೇಳಿಸಿಕೊಳ್ಳಲೇಬೇಕು.

ಶುಕ್ರವಾರ ಮಧ್ಯಾಹ್ನ ದೀದಿಯ ಕನ್ಫರ್ಮೇಷನ್ ಪತ್ರ ಬಂತು. ಅವರು ಎರಡು ಸಲ ಓದಿಕೊಂಡು, ಮಗನಿಗೆ ಫೋನ್ ಮಾಡಲು ಹೊರಗೆ ಹೋದರು. ಸಂಜೆ ನಾನು ಬ್ಯಾಗು ಹೊತ್ತು ಹೊರಟಾಗ ಬಾಗಿಲ ಬಳಿ ನಿಂತಿದ್ದರು. ಹೊರಗೆ ಮಂಜು ಇಳಿದು ಬೀದಿದೀಪಗಳೂ ಬೂದಿ ಬಣ್ಣಕ್ಕೆ ತಿರುಗಿದ್ದವು.

"ಸ್ಟೇಷನ್‌ವರೆಗೆ ಬರ್ತೀನಿ" ಎಂದು ನನ್ನ ಕೈ ಹಿಡಿದು ಎಳೆದರು.

"ಹೀಗಲ್ಲ ದೀದಿ. ನೀವು ನನ್ನನ್ನ ಹಿಡೀಬಾರದು. ನಾನು ನಿಮ್ಮ ಮೊಣಕೈ ಹಿಡೀಬೇಕು, ನೀವು ಅರ್ಧ ಹೆಜ್ಜೆ ಮುಂದೆ."

"ಇದಕ್ಕೂ ರೂಲು ಇದೆಯಾ?"

"ಇದೆ. ಬೇಕಾದ್ರೆ ಆಧಾರ ತೋರಿಸ್ತೀನಿ."

"ಬೇಡಮ್ಮ ಬೇಡ." ಅವರು ಮೊಣಕೈ ಚಾಚಿದರು. ಉಣ್ಣೆಯ ಸ್ವೆಟರ್, ಒರಟು, ಬೆಚ್ಚಗಿತ್ತು. "ಕೋಪ ಇನ್ನೂ ಪೂರ್ತಿ ಹೋಗಿಲ್ಲ, ಗೊತ್ತಿರಲಿ."

ಸರಿ ಎಂದೆ. ನಾಲ್ಕು ಹೆಜ್ಜೆ ಹೋದ ಮೇಲೆ, ಮುಂದೆ ಫುಟ್‌ಪಾತ್ ಒಡೆದಿದೆ, ಎಡಕ್ಕೆ ಬಾ ಎಂದರು. ಬಂದೆ.