ಹುಲಿಗೆವ್ವನ ಸಹಿ

ಸ್ನೇಹಿತರೇ, ಇದನ್ನು ಹೇಳದೆ ಬಿಡಬೇಕೆಂದಿದ್ದೆ. ನನ್ನದು ಗಂಗಾವತಿಯಲ್ಲಿ ಸಣ್ಣ ರೊಟ್ಟಿ ವ್ಯಾಪಾರ. ಮರಳಿ ಗ್ರಾಮದಿಂದ ರೊಟ್ಟಿ ತರುವ ಹುಲಿಗೆವ್ವ ಐವತ್ತು ದಾಟಿದ ಮೇಲೆ ಸಹಿ ಕಲಿತವರು. ವಾರದ ಹಣ ಪಡೆದ ಚೀಟಿಯ ಮೇಲೆ ಅವರು ನಿಧಾನವಾಗಿ ಹೆಸರು ಬರೆಯುವುದನ್ನು ಕಾಯಲಾರದೆ, ಒಂದು ಸಹಿಯ ಫೋಟೊ ತೆಗೆದು ನಾನೇ ಪ್ರತಿ ಚೀಟಿಯ ಪಿಡಿಎಫ್‌ಗೂ ಅಂಟಿಸುತ್ತಿದ್ದೆ. ಇವತ್ತು ಲ್ಯಾಪ್‌ಟಾಪಿನಲ್ಲಿ ಅವೆಲ್ಲ ಅವರ ಕಣ್ಣಿಗೆ ಬಿದ್ದವು.

"ಅಕ್ಕಾರ, ಇವು ನಾ ಹಾಕಿದ್ದಲ್ರಿ."

"ನಿಮ್ಮ ಸಹಿನ ಐತಲ್ರಿ, ಹುಲಿಗೆವ್ವ."

"ಎರಡು ಸಲ ಒಂದ ನಮೂನಿ ಬರಿಯಾಕ ನನಗ ಇನ್ನೂ ಬರಂಗಿಲ್ರಿ. ಹಾಳಿ ಕೊಡ್ರಿ, ಎಲ್ಲಾ ಮತ್ತ ಬರೀತೀನಿ."

ನಾನು ಪೆನ್ನು ಹುಡುಕಿದೆ, ಸಿಗಲಿಲ್ಲ. ಅವರು ತಮ್ಮ ಚೀಲದಿಂದ ಒಂದನ್ನು ತೆಗೆದರು.

"ವಾರಾ ವಾರಾ ತರ್ತಿದ್ದೆ. ನೀವು ಕೇಳಲಿಲ್ಲ."

ಇದನ್ನು ನನ್ನ ಹೆಸರಿನಲ್ಲೇ, ಇವತ್ತೇ, ಜೂನ್ 14ರಂದು ಪೋಸ್ಟ್ ಮಾಡುತ್ತಿದ್ದೇನೆ.