ಗಂಗುಲಪ್ಪನವರು ಹಣ್ಣಾದ ದಿನ

ಜಂಗಮಕೋಟೆಯ ಗಂಗುಲಪ್ಪನವರ ಕಣ್ಣಿಗೆ ಊರೇ ಮರ್ಯಾದೆ ಕೊಡುತ್ತಿತ್ತು. ರೇಷ್ಮೆಹುಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಯಿತೇ ಎಂಬುದನ್ನು ಅವರು ಬೆಳಕಿಗೆ ಹಿಡಿದು ನೋಡಿ ಹೇಳಿದರೆ ಮುಗಿಯಿತು. ಹೆಂಡತಿ ಅಕ್ಕಯಮ್ಮನದು ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹಾಕುವ ಕೆಲಸ ಮಾತ್ರ.

1958ರ ಬೇಸಿಗೆ. ಹುಳು ಹಣ್ಣಾಗಲು ಇನ್ನೂ ಮೂರು ದಿನವಿತ್ತು. ಹಗಲಿರುಳು ದುಡಿದು ಗಂಗುಲಪ್ಪನವರ ಸೊಂಟ ಬಿದ್ದುಹೋಗಿತ್ತು. ಚಿಂತಾಮಣಿಯ ಸಂತೆಬೀದಿಯಲ್ಲಿ ಗಡ್ಡದವನೊಬ್ಬ ಸೊಂಟನೋವಿಗೆಂದು ಮಾರುತ್ತಿದ್ದ ಕರಿಯ ಉಂಡೆಗಳನ್ನು ಕೊಂಡು ತಂದರು. ಭಂಗಿ ಸೊಪ್ಪಿನದೆಂದು ವಾಸನೆಯಲ್ಲೇ ತಿಳಿದಿತ್ತು. ಔಷಧವೆಂದ ಮೇಲೆ ದೋಷವೇನು ಎಂದುಕೊಂಡರು. ಮರುದಿನ ಬೆಳಿಗ್ಗೆ ಒಂದನ್ನು ನುಂಗಿ ಅರ್ಧ ಗಂಟೆ ಕಾದರು. ಸೊಂಟವೂ ಹಾಗೇ ಇತ್ತು, ಲೋಕವೂ ಹಾಗೇ ಇತ್ತು. ಮೋಸಹೋದ ಸಿಟ್ಟಿಗೆ ಇನ್ನೊಂದನ್ನು ನುಂಗಿದರು.

ಎರಡೂ ಒಟ್ಟಿಗೆ ಕೆಲಸ ಶುರುಮಾಡಿದ್ದು ಹುಳುಮನೆಯಲ್ಲಿ. ಹುಳುಗಳು ಸೊಪ್ಪು ಕಡಿಯುವ ಸದ್ದು ತೆಲುಗಿನಲ್ಲಿ ಹರಟೆ ಹೊಡೆದಂತೆ ಕೇಳಿತು. ಒಂದೊಂದು ಹುಳುವೂ ಹೊಂಬಣ್ಣಕ್ಕೆ ತಿರುಗಿ ದೀಪದಂತೆ ಹೊಳೆಯಿತು. ಎಲ್ಲವೂ ಹಣ್ಣಾಗಿಬಿಟ್ಟಿವೆ, ತಡಮಾಡಿದರೆ ಬೆಳೆ ಹಾಳು ಎಂದು ಅವರು ಲಗುಬಗೆಯಿಂದ ಹುಳುಗಳನ್ನು ಆರಿಸಿ, ಗೂಡು ಕಟ್ಟಿಸುವ ಬಿದಿರಿನ ಚಂದ್ರಿಕೆಗೆ ಬಿಡತೊಡಗಿದರು.

ಅಕ್ಕಯಮ್ಮ ಸೊಪ್ಪಿನ ಕುಕ್ಕೆ ಹೊತ್ತು ಬಂದಾಗ ಹುಳು ಸಾಕುವ ಮೂರು ತಟ್ಟೆ ಖಾಲಿಯಾಗಿದ್ದವು. ಹಸಿದ ಹುಳುಗಳು ಚಂದ್ರಿಕೆಯ ತುಂಬ ಸೊಪ್ಪು ಹುಡುಕುತ್ತಿದ್ದವು. ಪಕ್ಕದ ಚಂದ್ರಿಕೆಯ ಮೇಲೆ ಯಜಮಾನರೇ ಅಂಗಾತ ಮಲಗಿ ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸುತ್ತಿದ್ದರು.

“ನಾನೂ ಹಣ್ಣಾಗಿದ್ದೀನಿ ಕಣೇ. ನೂಲು ಬಿಡ್ತಾ ಇದ್ದೀನಿ, ಮುಟ್ಟಬೇಡ.”

“ಬಿಡಪ್ಪ, ಬಿಡು. ಗೂಡಾದ ಮೇಲೆ ಬಿಸಿನೀರಿಗೆ ಹಾಕ್ತೀನಿ.”

ನೆರೆಮನೆಯ ಕೊಂಡಮ್ಮನನ್ನು ಕರೆದು ಹುಳುಗಳನ್ನೆಲ್ಲ ತಟ್ಟೆಗೆ ಮರಳಿಸಿ ಸೊಪ್ಪು ಹಾಕಿದ್ದಾಯಿತು. ಇಬ್ಬರೂ ನಕ್ಕೂ ನಕ್ಕೂ ಸುಸ್ತಾದರು. ಆದರೆ ಗಂಗುಲಪ್ಪನವರ ಬಾಯಿ ಒಣಗಿ ನಾಲಿಗೆ ಹೊರಳದಾದಾಗ, ಎದೆ ಡವಗುಟ್ಟಿ, “ನೀನ್ಯಾರಮ್ಮ?” ಎಂದು ಅಕ್ಕಯಮ್ಮನನ್ನೇ ಕೇಳಿದಾಗ ನಗು ನಿಂತಿತು. ಗಾಡಿ ಕಟ್ಟಿಸಿ, ಉಳಿದ ಉಂಡೆಗಳ ಸಮೇತ ಶಿಡ್ಲಘಟ್ಟದ ಆಸ್ಪತ್ರೆಗೆ ಕರೆದೊಯ್ದರು. ಭಂಗಿಯ ಜೊತೆ ವಿಷದ ಉಮ್ಮತ್ತಿ ಬೀಜವನ್ನೂ ಅರೆದಿದ್ದಾರೆ, ಮೂರನೆಯದನ್ನು ನುಂಗಿದ್ದರೆ ಇವರು ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಗದರಿದರು.

ಹುಳು ನಿಜವಾಗಿ ಹಣ್ಣಾಗುವ ದಿನ ಗಂಗುಲಪ್ಪನವರು ಗೋಡೆ ಹಿಡಿದುಕೊಂಡು ಹುಳುಮನೆಗೆ ಬಂದರು. ಒಂದು ಹುಳುವನ್ನು ಬೆಳಕಿಗೆ ಹಿಡಿದರು. ಹೊಳೆಯಿತು. ಮೊನ್ನೆಯೂ ಹೀಗೆಯೇ ಹೊಳೆದಿತ್ತಲ್ಲ! ಬಹಳ ಹೊತ್ತು ನೋಡಿ, ಕೊನೆಗೆ ಅದನ್ನು ಹೆಂಡತಿಯ ಅಂಗೈಗಿಟ್ಟರು.

“ನೀನೇ ನೋಡಿ ಹೇಳಮ್ಮ.”

ಅಕ್ಕಯಮ್ಮ ಬೇಕೆಂದೇ ನಿಧಾನವಾಗಿ ನೋಡಿ ಹಣ್ಣಾಗಿದೆಯೆಂದು ತಲೆಯಾಡಿಸಿದಳು. ಆಮೇಲೆ ಊರಿನವರು ಹುಳು ತೋರಿಸಲು ಬಂದಾಗಲೆಲ್ಲ ಗಂಗುಲಪ್ಪನವರು ಅಡುಗೆಮನೆಯ ಕಡೆ ಕೈ ತೋರಿಸುತ್ತಿದ್ದರು.