ಟೈಲರಮ್ಮ ನೆರವೇರಿಸಿದ ಮಾತು

ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ಆಕೆಯನ್ನು ಇಡೀ ಕಟ್ಟಡ ಟೈಲರಮ್ಮ ಎಂದೇ ಕರೆಯುತ್ತಿತ್ತು. ಗುಂಡುಸೂಜಿ ಕಚ್ಚಿಕೊಂಡೇ ಊರ ಮಾತೆಲ್ಲ ಆಡುವವಳು. ಯಾರ ಮಗು ಕೆಮ್ಮಿದರೂ ಆಕೆಗೆ ನಿದ್ದೆಯಿಲ್ಲ. ಆ ಮೆತ್ತಗಿನ ಕರುಳೇ ಆಕೆಯನ್ನು ಕೆಡಿಸಿತು.

ಮೇಲಿನ ಮನೆಯ ಟೀಚರ್ ಮಗುವಿಗೆ ಫಿಟ್ಸ್. ಚರ್ಚಿನಲ್ಲಿ ಪಾಸ್ಟರ್ ಮಗುವಿನ ತಲೆ ಮುಟ್ಟಿ, "ಈ ತಿಂಗಳೊಳಗೆ ಯಾರದೆಂದು ತಿಳಿಯದ ನೀಲಿ ಹೊದಿಕೆ ನಿನ್ನ ಬಾಗಿಲಿಗೆ ಬರುತ್ತೆ. ಗುಣವಾಗೋದಕ್ಕೆ ಅದೇ ಗುರುತು" ಎಂದಿದ್ದರು. ತಿಂಗಳು ಮುಗಿಯುತ್ತ ಬಂತು. ದಿನಾ ಬೆಳಿಗ್ಗೆ ಟೀಚರ್ ಬಾಗಿಲು ತೆರೆದು ಹೊಸ್ತಿಲು ನೋಡುವುದನ್ನು ಟೈಲರಮ್ಮನಿಗೆ ನೋಡಲಾಗಲಿಲ್ಲ. ತಾನೇ ಒಂದು ಹೊದಿಕೆ ಹೊಲಿದು, ಒಂದು ಮುಂಜಾನೆ ಅಲ್ಲಿಟ್ಟು, ಸದ್ದಿಲ್ಲದೆ ಇಳಿದುಬಂದಳು. ಚರ್ಚಿಗೆ ಚರ್ಚೇ ದೇವರಿಗೆ ಸ್ತೋತ್ರ ಹೇಳಿತು. ಆಕೆಯೂ ಹೇಳಿದಳು.

ಮುಂದಿನ ಭಾನುವಾರ ಮಧ್ಯಾಹ್ನ ಗುಂಡಿ ಹೊಲಿಯುತ್ತಿದ್ದ ಮಗಳು ಶುರು ಮಾಡಿದಳು.

"ಅಮ್ಮಾ, ಯೇಸುಸ್ವಾಮಿ ಕತ್ತೆ ಮೇಲೆ ಬಂದಿದ್ದೇ ಸಾಕ್ಷಿ, ರಾಜ ಹಾಗೇ ಬರ್ತಾನೆ ಅಂತ ಪ್ರವಾದಿ ಮೊದಲೇ ಬರೆದಿದ್ದ ಅಂದ್ರು ಪಾಸ್ಟರ್. ಆ ಬರಹ ಸ್ವಾಮಿಗೂ ಗೊತ್ತಿತ್ತಲ್ಲ? ಕತ್ತೆ ತರೋಕೆ ಕಳಿಸಿದ್ದೂ ಅವರೇ. ನೀನು ಅಳತೆ ತಗೊಂಡು ಹೊಲಿದ ಅಂಗಿ ಮೈಗೆ ಸರಿಯಾಗಿ ಕೂತ್ರೆ ಪವಾಡನಾ?"

"ಬಂದ್ಲು ನೋಡು ವಕೀಲೆ! ಮೊದ್ಲು ಗುಂಡಿ ಹೊಲಿ."

"ಸ್ವಾಮಿ ಮೋಸ ಮಾಡಿದ್ರು ಅಂತ ಎಲ್ಲಂದೆ? ಹಾಡುಹಗಲೇ, ಊರೆಲ್ಲ ನೋಡ್ತಿರುವಾಗ ಬಂದ್ರು. 'ಆ ರಾಜ ನಾನೇ' ಅಂತ ಬಾಯಿಬಿಟ್ಟು ಹೇಳಿದ ಹಾಗೆ. ಆದ್ರೆ ಹೇಳೋದು ಬೇರೆ, ಸಾಕ್ಷಿ ಬೇರೆ. ಕದ್ದು ಮಾಡಿ, ತಾನಾಗೇ ಆಯ್ತು ಅಂದಿದ್ರೆ ಅದು ಮೋಸ."

ಪೆಡಲ್ ಮೇಲಿನ ಕಾಲು ನಿಂತಿತು. "ಬಾಯ್ಮುಚ್ಚು!" ಎಂದು ಗದರಿದ ಟೈಲರಮ್ಮನಿಗೆ ಮಗಳ ಮುಖ ನೋಡುವ ಧೈರ್ಯವಾಗಲಿಲ್ಲ.

ಅಷ್ಟರಲ್ಲಿ ಟೀಚರ್ ಬಾಗಿಲಿಗೆ ಬಂದಳು. ಎಷ್ಟೋ ದಿನದ ಮೇಲೆ ಮುಖ ಅರಳಿತ್ತು.

"ಅಕ್ಕಾ, ಗುರುತು ಬಂದ ಮೇಲೂ ಔಷಧಿ ಕೊಟ್ರೆ ನಂಬಿಕೆ ಇಲ್ಲ ಅಂತಾಗಲ್ವಾ? ನಿನ್ನೆಯಿಂದ ನಿಲ್ಲಿಸಿಬಿಟ್ಟೆ."

ಹೇಳಿದರೆ ಚರ್ಚಿನಲ್ಲಿ ತಲೆ ಎತ್ತುವಂತಿಲ್ಲ. ಮಗಳೆದುರಂತೂ ಇಲ್ಲವೇ ಇಲ್ಲ. ಹೇಳದಿದ್ದರೆ, ಆ ಮಗು.

"ಅದನ್ನ ಹೊಲಿದಿದ್ದು ನಾನು ಕಣಮ್ಮ."

"ಸುಮ್ನಿರಿ ಅಕ್ಕಾ, ತಮಾಷೆಗೂ ಒಂದು ಮಿತಿ ಬೇಡ್ವಾ?"

"ಒಳಗಿನ ಮೂಲೆ ಬಿಚ್ಚಿ ನೋಡು. ಬಟ್ಟೆ ಸಾಲಲಿಲ್ಲ. ನಿನ್ನ ನೀಲಿ ರವಿಕೆಯಲ್ಲಿ ಮಿಕ್ಕಿದ್ದ ತುಂಡು ಹಾಕಿದೀನಿ. ಮಿಕ್ಕಿದ್ದನ್ನ ನಿನಗೆ ವಾಪಸ್ ಕೊಟ್ಟಿರಲಿಲ್ಲ, ಅದೂ ನನ್ನದೇ ತಪ್ಪು."

ಟೀಚರ್ ನಗು ಆರಿಹೋಯಿತು. "ದಿನಾ ನಾನು ಬಾಗಿಲು ತೆಗೆಯೋದನ್ನ ನೋಡಿ ಅಯ್ಯೋ ಪಾಪ ಅಂತಿದ್ರಾ?"

"ನೋಡೋಕಾಗ್ಲಿಲ್ಲ ಕಣಮ್ಮ."

"ಹಾಗಾದ್ರೆ ದೇವರು ನಂಗೇನೂ ಹೇಳಲೇ ಇಲ್ಲ."

"ನಂಗೆ ಗೊತ್ತಿಲ್ಲಮ್ಮ. ಅವನು ಹೇಳೋದ್ರೊಳಗೆ ನಾನು ಮಧ್ಯೆ ಬಾಯಿ ಹಾಕಿದೆ. ಮೊದ್ಲು ಔಷಧಿ ಕೊಡು. ಡಾಕ್ಟರಿಗೆ ಫೋನ್ ಮಾಡು. ಓಡು."

ಟೀಚರ್ ಎರಡೆರಡು ಮೆಟ್ಟಿಲು ಹತ್ತಿ ಓಡಿದಳು. ಬೆನ್ನಿಗೇ ಹೋದ ಟೈಲರಮ್ಮನ ಮುಖಕ್ಕೇ ಬಾಗಿಲು ಹಾಕಿಕೊಂಡಿತು. ಒಳಗೆ ಮಗು ಕಹಿಯೆಂದು ರಂಪ ಮಾಡುವುದು, ತಾಯಿ ಪುಸಲಾಯಿಸುವುದು ಕೇಳಿಸಿತು. ನುಂಗಿತೆಂದು ಖಾತ್ರಿಯಾಗುವವರೆಗೂ ಅಲ್ಲೇ ನಿಂತಿದ್ದು ಕೆಳಗೆ ಬಂದಳು.

ಮಗಳು ತಲೆ ಎತ್ತದೆ ಗುಂಡಿ ಹೊಲಿಯುತ್ತಿದ್ದಳು. ಬೈದಿದ್ದರೆ ವಾಸಿಯಿತ್ತು.

"ಪಾಸ್ಟರ್ ಈಗ ಮನೇಲಿರ್ತಾರಾ?" ಟೈಲರಮ್ಮನೇ ಕೇಳಿದಳು.

"ಇರ್ತಾರೆ."

"ಒಬ್ಬಳೇ ಹೋಗೋಕೆ ನಾಚಿಕೆ ಆಗುತ್ತೆ ಕಣೇ."

ಮಗಳು ಸೂಜಿ ಚುಚ್ಚಿಟ್ಟು, ಚಪ್ಪಲಿ ಮೆಟ್ಟಿಕೊಂಡಳು.